ದುಡ್ಡು ಕೊಡಬೇಡ, ಕೈ ಬಿಡಬೇಡ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಕೇಳಿದ್ದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ. ಪಕ್ಕದಲ್ಲಿ ರೂಮ್‌ಮೇಟ್ ಬೇರೆ ಇದ್ದಳು, ನೀನು ಪಿಸುಗುಡುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಇಡೀ ಕ್ಲಾಸಿಗೇ ಲೆಕ್ಕ ಹೇಳಿಕೊಡುವ ಹುಡುಗ, ಬೆಟ್ಟಿಂಗ್ ಆ್ಯಪಿನಲ್ಲಿ ಇಷ್ಟೊಂದು ಕಳೆದುಕೊಂಡ ಮೇಲೂ ಯಾಕೆ ನಿಲ್ಲಿಸುತ್ತಿಲ್ಲ ಅಂತ ಕೇಳಿದೆ. ಆಮೇಲೆ, "ಇದೊಂದೇ ಸಲ, ಮುಂದಿನ ವಾರ ಕೊಟ್ಟುಬಿಡ್ತೀನಿ" ಅಂತ ಮತ್ತೆ ದುಡ್ಡು ಕೇಳುತ್ತಿದ್ದಾನೆ, ಕೊಡಲಾ ಅಮ್ಮ ಅಂದೆ.

ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೊಡಬೇಡ. ಹಾಗಂತ ಅವನನ್ನು ದೂರ ಮಾಡಲೂ ಬೇಡ. ಎರಡನ್ನೂ ಒಟ್ಟಿಗೆ ಮಾಡುವುದು ಕಷ್ಟ, ಅದೂ ಗೊತ್ತು. ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ಕೇಳು.

ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವಳು ನಾನು. ನಿಮ್ಮ ವಯಸ್ಸಿನವರ ಖಾತೆಗಳು ಕಣ್ಣಿಗೆ ಬೀಳುತ್ತವೆ. ಯಾರದು ಅಂತ ಹೇಳಲ್ಲ, ಹೇಳಲೂಬಾರದು. ಆದರೆ ಒಂದು ಸ್ಟೇಟ್‌ಮೆಂಟ್ ಹೇಗಿರುತ್ತದೆ ಅಂತ ಹೇಳಬಹುದು. ರಾತ್ರಿ ಹನ್ನೆರಡು ದಾಟಿದ ಮೇಲೆ 100 ಹೋಗಿದೆ. ನಾಲ್ಕು ನಿಮಿಷ ಬಿಟ್ಟು ಮತ್ತೆ 100. ಆಮೇಲೆ 200, 500. ನಡುವೆ ಒಮ್ಮೆ 900 ಜಮೆ ಆಗಿದೆ, ಗೆದ್ದದ್ದು. ಹತ್ತು ನಿಮಿಷ ಕಳೆಯುವುದರೊಳಗೆ ಅದೂ ಹೋಗಿದೆ. ಬೆಳಗಿನ ಜಾವದ ಹೊತ್ತಿಗೆ ಖಾತೆಯಲ್ಲಿ ಉಳಿದಿರುವುದು 11. ಮರುದಿನ ಬೇರೆ ಬೇರೆ ಹೆಸರಿನಿಂದ ಸಣ್ಣ ಸಣ್ಣ ಮೊತ್ತ ಬರುತ್ತದೆ. ಅವೆಲ್ಲ ಗೆಳೆಯರು ಕೊಟ್ಟದ್ದು. ಬಂದ ನಿಮಿಷಕ್ಕೇ ಆ್ಯಪಿಗೆ ಹೊರಟಿರುತ್ತದೆ. ಫೀಸಿಗೆ, ಆಸ್ಪತ್ರೆಗೆ, ಯಾರದೋ ಬಾಕಿ ತೀರಿಸಲಿಕ್ಕೆ ಅಂತ ಕೇಳಿ ಪಡೆದ ದುಡ್ಡು ಅದು. ನೀನು ಕೊಟ್ಟಿದ್ದೂ ಅಂಥದೇ ಒಂದು ಸಾಲು, ಪುಟ್ಟಿ. ಅವನು ನಿನಗೆ ಸುಳ್ಳು ಹೇಳಬೇಕು ಅಂತ ಹೇಳಿರಲಿಕ್ಕಿಲ್ಲ. ಕೇಳುವಾಗ ಸಾಲ ತೀರಿಸಬೇಕು ಅಂತಲೇ ಇರುತ್ತದೆ. ದುಡ್ಡು ಕೈಗೆ ಬಂದಾಗ, "ಇದನ್ನೇ ಡಬಲ್ ಮಾಡಿದರೆ ಎಲ್ಲರದೂ ತೀರುತ್ತಲ್ಲ" ಅನಿಸಿಬಿಡುತ್ತದೆ. ಹೋದದ್ದನ್ನು ಆಟದಲ್ಲೇ ವಾಪಸ್ ತರುವ ಈ ಹಟಕ್ಕೆ ಅವರು 'ಲಾಸ್ ಕವರ್ ಮಾಡೋದು' ಅನ್ನುತ್ತಾರೆ. ಜೂಜಿನ ಚಟದಲ್ಲಿ ಇದಕ್ಕಿಂತ ದೊಡ್ಡ ಗುಂಡಿ ಇಲ್ಲ. ಆಡಲು ಶುರು ಮಾಡಿದಾಗ ಹೋದದ್ದಕ್ಕಿಂತ, ಹೋದದ್ದನ್ನು ಹಿಂದಕ್ಕೆ ತರಲು ಹೋಗಿ ಕಳೆದದ್ದೇ ಜಾಸ್ತಿ ಇರುತ್ತದೆ. ಅದಕ್ಕೆ ನೀನು ಎಷ್ಟು ಕೊಟ್ಟರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಇನ್ನು ಬುದ್ಧಿಯ ಮಾತು. ಬುದ್ಧಿವಂತಿಕೆ ಇಲ್ಲಿ ಯಾರನ್ನೂ ಕಾಪಾಡುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1950ರ ದಶಕದಲ್ಲೇ ಪಾರಿವಾಳಗಳನ್ನಿಟ್ಟುಕೊಂಡು ಇದನ್ನು ತೋರಿಸಿದ್ದ. ಕೊಕ್ಕಿನಿಂದ ಕುಟ್ಟಿದಾಗಲೆಲ್ಲ ಕಾಳು ಬೀಳುತ್ತಿದ್ದರೆ, ಕಾಳು ನಿಂತ ಮೇಲೆ ಹಕ್ಕಿ ಬೇಗ ಕುಟ್ಟುವುದನ್ನು ಬಿಡುತ್ತದೆ. ಆದರೆ ಯಾವಾಗ ಬೀಳುತ್ತದೆ ಅಂತ ಗೊತ್ತೇ ಆಗದ ಹಾಗೆ ಮಾಡಿದರೆ, ಕಾಳು ನಿಂತ ಮೇಲೂ ಎಷ್ಟೋ ಹೊತ್ತು ಕುಟ್ಟುತ್ತಲೇ ಇರುತ್ತದೆ. ಜೂಜಿನ ಯಂತ್ರ ಕೆಲಸ ಮಾಡುವುದೂ ಹೀಗೇ ಅಂತ ಅವನೇ ಬರೆದಿದ್ದಾನೆ. ಆಗ ಆ ಯಂತ್ರದ ಹತ್ತಿರ ಎದ್ದು ಹೋಗಬೇಕಿತ್ತು. ಈಗ ಅದು ದಿಂಬಿನ ಪಕ್ಕದಲ್ಲೇ ಇರುತ್ತದೆ, ಅಲ್ವಾ?

ಸ್ವಲ್ಪದರಲ್ಲಿ ತಪ್ಪಿತು ಅನಿಸುವುದಂತೂ ಇನ್ನೂ ಅಪಾಯ. ಮೂರು ಒಂದೇ ಥರದ ಚಿತ್ರ ಸಾಲಾಗಿ ಬಂದರೆ ಗೆಲುವು ಅನ್ನುವ ಸ್ಲಾಟ್ ಆಟ ನೋಡು. ಎರಡು ಕೂಡಿ ಮೂರನೆಯದು ಒಂದು ಮನೆ ಆಚೆ ನಿಲ್ಲುತ್ತದೆ. ಅದೂ ಪೂರ್ತಿ ಸೋಲೇ. ಆದರೆ ಮೆದುಳು ಹಾಗೆ ತಿಳಿಯುವುದಿಲ್ಲ. 2009ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಸ್ಕ್ಯಾನ್ ಮಾಡಿ ನೋಡಿದಾಗ, ಗೆದ್ದಾಗ ಚುರುಕಾಗುವ ಮೆದುಳಿನ ಭಾಗಗಳು ಹೀಗೆ ಸ್ವಲ್ಪದರಲ್ಲಿ ಸೋತಾಗಲೂ ಚುರುಕಾಗಿದ್ದವು. ಆಡಿದವರಿಗೆ ಬೇಜಾರೇ ಆಗಿತ್ತು. ಆದರೂ, ಆಯ್ಕೆ ತಮ್ಮದೇ ಆಗಿದ್ದಾಗ, ಇನ್ನೊಂದು ಸಲ ಆಡೋಣ ಅನ್ನುವ ಆಸೆ ಹೆಚ್ಚಾಗಿತ್ತು. ಇದರ ಜೊತೆಗೆ, ಮುಂದಾಲೋಚನೆ ಮಾಡಿ ಕೈ ತಡೆಯುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಹತ್ತೊಂಬತ್ತು ಇಪ್ಪತ್ತರ ಹುಡುಗರಿಗೇ ಈ ಜಾಹೀರಾತುಗಳು ಯಾಕೆ ಕಣ್ಣು ಹೊಡೆಯುತ್ತವೆ ಅಂತ ಯೋಚಿಸಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಅವನಿಗೆ ಲೆಕ್ಕ ಇಷ್ಟ ಅಂದೆಯಲ್ಲ, ಹಾಗಾದರೆ ಇದನ್ನು ಅವನ ಮುಂದೆ ಇಡು. ಇಬ್ಬರಿಗೂ ಸಮಬಲ ಇರುವ ಒಂದು ಮ್ಯಾಚು. ಆ್ಯಪಿನಲ್ಲಿ ಎರಡೂ ಕಡೆಗೆ 1.90 ಅಂತ ಬರೆದಿರುತ್ತದೆ, ಅಂದರೆ ಗೆದ್ದರೆ ಹಾಕಿದ ಒಂದೊಂದು ರೂಪಾಯಿಗೆ ಅಸಲೂ ಸೇರಿ 1.90 ವಾಪಸ್. ಒಬ್ಬ ಈ ಕಡೆಗೆ 100 ಹಾಕಿದ, ಇನ್ನೊಬ್ಬ ಆ ಕಡೆಗೆ 100. ಒಳಗೆ ಬಂದದ್ದು 200, ಗೆದ್ದವನಿಗೆ ಹೋಗುವುದು 190. ಉಳಿದ 10 ಕಂಪನಿಗೆ, ಯಾರು ಗೆದ್ದರೂ ಸರಿ. ಅಸಲು ಕೈಗೆ ಬರಬೇಕಾದರೂ ನೂರಕ್ಕೆ ಸುಮಾರು 53 ಸಲ ಗೆಲ್ಲಬೇಕು. ನಾಲ್ಕು ಮ್ಯಾಚು ಸೇರಿಸಿ ಕಟ್ಟುವ ಕಾಂಬೋ ಇನ್ನೂ ಮೋಸ. ನಾಲ್ಕೂ ಸರಿಯಾಗುವ ಸಾಧ್ಯತೆ ಹದಿನಾರಕ್ಕೆ ಒಂದು. ನ್ಯಾಯವಾಗಿ 100ಕ್ಕೆ 1600 ಬರಬೇಕು. 100ನ್ನು ನಾಲ್ಕು ಸಲ 1.90ರಿಂದ ಗುಣಿಸಿ ಬರುವುದು 1303. ಪರದೆ ಮೇಲೆ ಆ 1303 ದೊಡ್ಡದಾಗಿ ಕಾಣುತ್ತದೆ, ಕಡಿದುಕೊಂಡ 297 ಎಲ್ಲೂ ಕಾಣುವುದಿಲ್ಲ.

ಸೋತು ಸೋತು ಸಾಕಾಯಿತು, ಇನ್ನು ಗೆಲ್ಲಲೇಬೇಕು ಅಂತ ಅವನು ಹೇಳಿದರೆ 1913ರ ಆಗಸ್ಟ್ 18ರ ರಾತ್ರಿಯ ಕತೆ ಹೇಳು. ರೂಲೆಟ್ ಅಂದರೆ ಕೆಂಪು, ಕಪ್ಪು ಮನೆಗಳಿರುವ ಚಕ್ರ ತಿರುಗಿಸಿ, ಚೆಂಡು ಎಲ್ಲಿ ಬೀಳುತ್ತದೆ ಅಂತ ಕಟ್ಟುವ ಜೂಜು. ಯುರೋಪಿನ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಆ ಚೆಂಡು ಸತತವಾಗಿ 26 ಸಲ ಕಪ್ಪಿಗೇ ಬಿತ್ತು. ಇಷ್ಟು ಸಲ ಕಪ್ಪು ಬಂದಿದೆ, ಇನ್ನು ಕೆಂಪು ಬರಲೇಬೇಕು ಅಂತ ಜನ ಕೆಂಪಿನ ಮೇಲೆ ಸುರಿದರು, ಸುರಿದದ್ದೆಲ್ಲ ಹೋಯಿತು. ಹಿಂದಿನ ಸಲ ಎಲ್ಲಿ ಬಿದ್ದೆ ಅಂತ ಚೆಂಡಿಗೆ ನೆನಪಿರುವುದಿಲ್ಲ.

ಅವನು ಯಾವುದೋ ಗ್ರೂಪಿನಲ್ಲಿ ಟಿಪ್ಸ್ ತೆಗೆದುಕೊಳ್ಳುತ್ತಾನೆ ಅಂದೆ. ಆ ಗ್ರೂಪಿನವರ ಹೊಟ್ಟೆಪಾಡು ಹೇಗೆ ಅಂತ ಅವನು ಕೇಳಿದ್ದಾನಾ? ಇಂಥವರಲ್ಲಿ ಎಷ್ಟೋ ಜನ ಆ್ಯಪಿನ ಲಿಂಕ್ ಹಂಚಿ ಕಮಿಷನ್ ತೆಗೆದುಕೊಳ್ಳುವವರು. ಬಹಳ ಕಡೆ ಆ ಕಮಿಷನ್ ಲೆಕ್ಕ ಹಾಕುವುದೇ, ಆ ಲಿಂಕಿನಿಂದ ಬಂದವರು ಎಷ್ಟು ಸೋತರು ಅನ್ನುವುದರ ಮೇಲೆ. ಅಂದರೆ ಟಿಪ್ಸ್ ಕೊಡುವವನಿಗೆ ನಿನ್ನ ಗೆಳೆಯ ಸೋತರೇ ಲಾಭ. ಇನ್ನು "ನಮ್ಮ ಟಿಪ್ಸ್ ತಪ್ಪುವುದೇ ಇಲ್ಲ" ಅನ್ನುವ ಹಳೇ ಆಟ ಇದೆ. ಅರ್ಧ ಜನಕ್ಕೆ ಈ ತಂಡ ಗೆಲ್ಲುತ್ತದೆ ಅಂತ ಕಳಿಸುತ್ತಾರೆ, ಇನ್ನರ್ಧಕ್ಕೆ ಆ ತಂಡ ಅಂತ. ಯಾರಿಗೆ ಸರಿ ಬಂತೋ ಅವರನ್ನು ಮತ್ತೆ ಎರಡು ಪಾಲು ಮಾಡುತ್ತಾರೆ. ನಾಲ್ಕೈದು ಸುತ್ತು ಆದ ಮೇಲೂ ಉಳಿದವರಿಗೆ ಟಿಪ್ಸ್ ಕೊಟ್ಟವನು ದೇವರ ಹಾಗೆ ಕಾಣುತ್ತಾನೆ. ದುಡ್ಡು ಕೇಳುವುದು ಆವಾಗ.

ಆ್ಯಪಿಗೆ ದುಡ್ಡು ಹಾಕುವಾಗ ಒಂದು ಬೆರಳು ಸಾಕು, ತೆಗೆಯುವಾಗ ಮಾತ್ರ ದಾಖಲೆ ಕೊಡಿ, ಕಾಯಿರಿ, ಬೋನಸ್ ಷರತ್ತು ಮುಗಿಸಿ. ಇದನ್ನೂ ಸುಮ್ನೆ ಆದದ್ದು ಅಂದುಕೊಳ್ಳಬೇಡ. ಕಾಯುವಾಗ ಮನಸ್ಸು ತಡೆಯದೆ ಆ ದುಡ್ಡನ್ನೂ ಆಡಿಬಿಡುವವರು ಬೇಕಾದಷ್ಟು ಜನ. ಸತತವಾಗಿ ಗೆಲ್ಲುವ ಅಪರೂಪದ ಆಟಗಾರನಿಗೆ ಇಷ್ಟಕ್ಕಿಂತ ಹೆಚ್ಚು ಕಟ್ಟಬಾರದು ಅಂತ ಮಿತಿ ಹಾಕುವುದು ಈ ವ್ಯವಹಾರದಲ್ಲಿ ಮಾಮೂಲು. ಜಾಸ್ತಿ ಸೋಲುವವನಿಗೆ ಸಿಗುವುದು ವಿಐಪಿ ಮರ್ಯಾದೆ.

ಇದನ್ನೆಲ್ಲ ಹೇಳಿದ ತಕ್ಷಣ ಅವನು ಬಿಟ್ಟುಬಿಡುತ್ತಾನೆ ಅಂದುಕೊಳ್ಳಬೇಡ. ಗೊತ್ತಿರುವುದು ಬೇರೆ, ಕೈ ತಡೆಯುವುದು ಬೇರೆ. ಇದು ದುರ್ಬುದ್ಧಿ ಅಲ್ಲ, ಕಾಯಿಲೆ ಅಂತ ವೈದ್ಯರೇ ಒಪ್ಪಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಜೂಜಿನ ಚಟವನ್ನು ಕುಡಿತ, ಮಾದಕ ವಸ್ತುಗಳ ಚಟ ಇರುವ ಪಟ್ಟಿಗೇ ಸೇರಿಸಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೂ ಅದು ಇದೆ. ಕಾಯಿಲೆ ಅಂದ ಮೇಲೆ ಚಿಕಿತ್ಸೆಯೂ ಇದೆ. ಯೋಚನೆಯ ರೀತಿಯನ್ನು ಮಾತಿನಿಂದಲೇ ಮೆಲ್ಲಗೆ ತಿದ್ದುವ ಥೆರಪಿಯಿಂದ ಎಷ್ಟೋ ಜನ ಹೊರಗೆ ಬಂದಿದ್ದಾರೆ. ಇದೇ ಕಷ್ಟ ಅನುಭವಿಸಿದವರು ಒಟ್ಟಿಗೆ ಕೂತು ಮಾತಾಡುವ ಗುಂಪುಗಳಿವೆ. ಲಾಸ್ ಏಂಜಲೀಸ್‌ನಲ್ಲಿ 1957ರಲ್ಲಿ ಶುರುವಾದ ಗ್ಯಾಂಬ್ಲರ್ಸ್ ಅನಾನಿಮಸ್ ಅಂಥದು. ಈಗ ಅದು ಬಹಳ ದೇಶಗಳಲ್ಲಿದೆ. ನಿಮ್ಮ ಕಾಲೇಜಿನಲ್ಲಿ ಕೌನ್ಸೆಲರ್ ಇದ್ದರೆ ಅಲ್ಲಿಂದಲೇ ಶುರು ಮಾಡಬಹುದು. ಒಬ್ಬನೇ ಹೋಗು ಅಂತ ಕಳಿಸಬೇಡ, ಬಾಗಿಲವರೆಗೆ ಜೊತೆಗೆ ಹೋಗು.

ಕೈಗೆ ಸುಲಭವಾಗಿ ಸಿಗದ ಹಾಗೆ ಮಾಡುವುದೂ ಬಹಳ ಕೆಲಸ ಮಾಡುತ್ತದೆ. "ನನ್ನನ್ನು ಆಡಲು ಬಿಡಬೇಡ" ಅಂತ ತಾನೇ ಆ್ಯಪಿಗೆ ಹೇಳುವ ಅವಕಾಶ ಕೆಲವು ಕಡೆ ಇರುತ್ತದೆ. ಜೂಜಿನ ತಾಣಗಳನ್ನು ತಡೆಯುವ ಸಾಫ್ಟ್‌ವೇರ್ ಇದೆ. ಬ್ಯಾಂಕಿಗೆ ಹೇಳಿ ದಿನದ ಮಿತಿಯನ್ನು ಇಳಿಸಿಕೊಳ್ಳಬಹುದು. ಆನ್‌ಲೈನ್ ಪಾವತಿಯನ್ನೇ ಸ್ವಲ್ಪ ಕಾಲ ನಿಲ್ಲಿಸಿಕೊಳ್ಳಬಹುದು. ಊಟಕ್ಕೆ, ಬಸ್ಸಿಗೆ ಬೇಕಾದಷ್ಟು ಮಾತ್ರ ಅವನ ಹತ್ತಿರ ಇದ್ದು, ಉಳಿದದ್ದನ್ನು ಮನೆಯವರು ನೋಡಿಕೊಂಡರೆ ಇನ್ನೂ ಒಳ್ಳೆಯದು. ಅವನಿಗೆ ಹಸಿವಾಗಿದ್ದರೆ ಊಟ ಹಾಕಿಸು. ಬಸ್ ಟಿಕೆಟ್ ಬೇಕಿದ್ದರೆ ನೀನೇ ತೆಗೆದುಕೊಡು. ಕೈಗೆ ದುಡ್ಡು ಮಾತ್ರ ಬೇಡ.

ಇಲ್ಲಿಂದ ಮುಂದಿನದನ್ನು ಬ್ಯಾಂಕಿನವಳಾಗಿ ಹೇಳುತ್ತಿದ್ದೇನೆ, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಿನ್ನ ಖಾತೆ, ನಿನ್ನ ಸಿಮ್, ನಿನ್ನ ಎಟಿಎಂ ಕಾರ್ಡು, ಇವುಗಳಲ್ಲಿ ಒಂದನ್ನೂ ಅವನಿಗಾಗಲಿ ಬೇರೆ ಯಾರಿಗಾಗಲಿ ಒಂದು ದಿನಕ್ಕೂ ಕೊಡಬೇಡ. ಸಾಲ ಏರಿದ ಹುಡುಗರ ಹತ್ತಿರ "ನಿನ್ನ ಖಾತೆ ಬಾಡಿಗೆಗೆ ಕೊಡು, ದುಡ್ಡು ಬಂದು ಹೋಗುತ್ತೆ ಅಷ್ಟೇ, ನಿನಗೆ ಕಮಿಷನ್" ಅಂತ ಕೇಳುವವರು ಬರುತ್ತಾರೆ. ಹಾಗೆ ಬಂದು ಹೋಗುವುದು ಎಷ್ಟೋ ಸಲ ಯಾರನ್ನೋ ವಂಚಿಸಿ ತಂದ ಹಣ. ಕೊನೆಗೆ ಪೊಲೀಸರು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಹತ್ತಿರ. ಹೀಗೆ ಖಾತೆ ಫ್ರೀಜ್ ಆಗಿ, ಬ್ಯಾಂಕಿಗೆ ಬಂದು ಅಳುವ ಮಕ್ಕಳನ್ನು ನೋಡುವುದು ಬಹಳ ಕಷ್ಟ ಪುಟ್ಟಿ. ಅವನ ಸಾಲಕ್ಕೆ ನಿನ್ನ ಹೆಸರನ್ನು ಜಾಮೀನು ಕೊಡುವುದೂ ಬೇಡ. ನಿಮಿಷದಲ್ಲಿ ಸಾಲ ಕೊಡುವ ಕಳ್ಳ ಆ್ಯಪುಗಳು ಫೋನಿನಲ್ಲಿರುವ ನಂಬರು, ಫೋಟೊ ಎಲ್ಲ ಬಾಚಿಕೊಂಡು, ಕಂತು ತಪ್ಪಿದ ಮೇಲೆ ಗೆಳೆಯರಿಗೆಲ್ಲ ಫೋನ್ ಮಾಡಿ ಮಾನ ಕಳೆಯುತ್ತವೆ. ನಿನಗೂ ಅಂಥ ಕರೆ ಬಂದರೆ ಹೆದರಬೇಡ. ಮೆಸೇಜುಗಳನ್ನು ಅಳಿಸದೆ ಇಟ್ಟುಕೋ, ನನಗೆ ಕಳಿಸು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. "ನಾನಿರದಿದ್ದರೆ ಎಲ್ಲರಿಗೂ ಒಳ್ಳೆಯದು", "ಇನ್ನು ಬದುಕಿ ಏನು ಪ್ರಯೋಜನ" ಅನ್ನುವಂಥ ಮಾತು ಅವನ ಬಾಯಿಂದ ಬಂದರೆ, ಅದು ತಮಾಷೆಗೆ ಅಂತ ಅನಿಸಿದರೂ ಬಿಡಬೇಡ. ನೇರವಾಗಿ ಕೇಳು, ಸಾಯಬೇಕು ಅನಿಸ್ತಿದೆಯಾ ಅಂತ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಬರುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡಬೇಡ, ಆಗಿಂದಾಗಲೇ ವಾರ್ಡನ್‌ಗೆ, ಕೌನ್ಸೆಲರ್‌ಗೆ, ಅವನ ಮನೆಯವರಿಗೆ ತಿಳಿಸು. "ಯಾರಿಗೂ ಹೇಳಲ್ಲ ಅಂತ ಮಾತು ಕೊಡು" ಅಂತ ಕೇಳಿದರೂ ಆ ಒಂದು ಮಾತು ಕೊಡಬೇಡ. ಗುಟ್ಟು ಒಡೆದದ್ದಕ್ಕೆ ಅವನು ಬೈದರೆ ಬೈಸಿಕೋ.

ಅವನು ಮನೆಯಲ್ಲಿ ಇನ್ನೂ ಹೇಳಿಲ್ಲ ಅಂದೆ. ಅಪ್ಪ ಹೊಡೆಯುತ್ತಾರೆ ಅನ್ನುವ ಹೆದರಿಕೆ ಇರಬಹುದು. ಆದರೆ ಅವನು ಮುಚ್ಚಿಟ್ಟಷ್ಟು ದಿನವೂ ಬಡ್ಡಿ ಬೆಳೆಯುತ್ತದೆ, ಸುಳ್ಳೂ ಬೆಳೆಯುತ್ತದೆ. ಎಷ್ಟು ಸಾಲ, ಯಾರಿಗೆ, ಎಂದು ಕೊಡಬೇಕು ಅಂತ ಒಂದು ಹಾಳೆಯಲ್ಲಿ ಅವನ ಕೈಯಲ್ಲೇ ಬರೆಸು. ಒಂದನ್ನೂ ಬಿಡಬಾರದು. ಅರ್ಧ ಹೇಳಿ ಅರ್ಧ ಮುಚ್ಚಿಟ್ಟರೆ, ಆ ಉಳಿದರ್ಧ ತೀರಿಸಲು ಮತ್ತೆ ಆಟಕ್ಕೇ ಹೋಗುತ್ತಾನೆ. ಮನೆಗೆ ಹೇಳುವ ಧೈರ್ಯ ಬಾರದಿದ್ದರೆ ನನ್ನ ನಂಬರ್ ಕೊಡು. ನಾನಾಗಲಿ ನಿನ್ನ ಅಪ್ಪನಾಗಲಿ ಅವನ ಮನೆಯವರ ಜೊತೆ ಮಾತಾಡುತ್ತೇವೆ. ಯಾವ ಸಾಲ ಮೊದಲು ತೀರಿಸಬೇಕು, ಯಾವುದಕ್ಕೆ ಸಮಯ ಕೇಳಬಹುದು ಅಂತ ನಾನು ಕೂತು ನೋಡಿಕೊಡುತ್ತೇನೆ. ಶನಿವಾರ ಮಧ್ಯಾಹ್ನದ ಮೇಲೆ ಮನೆಯಲ್ಲೇ ಇರುತ್ತೇನೆ, ಆವಾಗ ಇಬ್ಬರೂ ಸೇರಿ ಫೋನ್ ಮಾಡಿ. ಹಾಳೆ ಪಕ್ಕದಲ್ಲಿರಲಿ.

ನಿನ್ನ
ಅಮ್ಮ