ಕೋಚ್ ತಲೆದಂಡಕ್ಕೆ ಮುನ್ನ

ಮಾನ್ಯರೇ,

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ನಾಲ್ಕು ಪಂದ್ಯ ಸೋತರೆ ಸಾಕು, ಅಭಿಮಾನಿಗಳು ಕೋಚ್ ತಲೆದಂಡ ಕೇಳುತ್ತಾರೆ. 2020ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡ ಆಡಿದ್ದು 6 ಪಂದ್ಯ, ಸೋತದ್ದು 4. ಕೋಚ್ ಜಿಮ್ ಹಾರ್ಬಾ ಬದ್ಧವೈರಿ ಒಹಾಯೊ ಸ್ಟೇಟ್ ವಿರುದ್ಧ ಅಲ್ಲಿಯವರೆಗೆ ಒಮ್ಮೆಯೂ ಗೆದ್ದಿರಲಿಲ್ಲ. ವಿಶ್ವವಿದ್ಯಾಲಯ ಅವರನ್ನು ಉಳಿಸಿಕೊಂಡಿತು, ಸಂಬಳವನ್ನು ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ, 40 ಲಕ್ಷ ಡಾಲರಿಗೆ ಇಳಿಸಿತು.

ಅಸಲಿ ರೋಗ ಇದ್ದದ್ದು ರಕ್ಷಣೆಯಲ್ಲಿ. ಒಬ್ಬೊಬ್ಬ ಎದುರಾಳಿಗೆ ಒಬ್ಬೊಬ್ಬ ಕಾವಲು ಎಂಬ ತಂತ್ರ, ಮೈದಾನಕ್ಕೆ ಅಡ್ಡಲಾಗಿ ಓಡುವ ಚುರುಕಿನ ರಿಸೀವರ್‌ಗಳ (ಎಸೆದ ಚೆಂಡು ಹಿಡಿಯುವವರು) ಮುಂದೆ ಹರಿದುಹೋಗುತ್ತಿತ್ತು. 2018ರಲ್ಲಿ ಒಹಾಯೊ ಸ್ಟೇಟ್‌ಗೆ 62 ಅಂಕ ಬಿಟ್ಟುಕೊಟ್ಟದ್ದೇ ಸಾಕ್ಷಿ. ರಕ್ಷಣಾ ಕೋಚ್ ಬದಲಾದರು. 2021ರಲ್ಲಿ ಅದೇ ವೈರಿಯ ಮೇಲೆ 42–27 ಗೆಲುವು, 2023ರ ಋತುವಿನಲ್ಲಿ 15ಕ್ಕೆ 15 ಗೆಲುವು (ಎದುರಾಳಿಗಳ ಸಂಕೇತ ಕದ್ದ ಆರೋಪದಲ್ಲಿ ಹಾರ್ಬಾ ಅಮಾನತಾದದ್ದು ಬೇರೆಯೇ ಕತೆ).

ತಲೆದಂಡದ ಬೆಲೆಯನ್ನೂ ನೋಡಿ: ಅದೇ ವರ್ಷ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ, ತನ್ನ ಕೋಚ್ ಜಿಂಬೊ ಫಿಷರ್ ಅವರನ್ನು ಮನೆಗೆ ಕಳಿಸಲು ಒಪ್ಪಿಕೊಂಡ ಪರಿಹಾರ: 7.5 ಕೋಟಿ ಡಾಲರಿಗೂ ಹೆಚ್ಚು.

– ಓದುಗ, ಮೈಸೂರು