ಕ್ರಿಸ್‌ಮಸ್ ರಾತ್ರಿ ಡ್ಯೂಟಿಗೆ ಒಪ್ಪಿಕೋ, ಮಗಳೇ

ಪ್ರೀತಿಯ ಪುಟ್ಟಿಗೆ,

ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ಕಣದಲ್ಲಿ ಆಳುಗಳು ಕಾಯುತ್ತಿದ್ದರು. ನಿನ್ನ ವಾರ್ಡಿನ ಹುಡುಗಿ ಕ್ರಿಸ್‌ಮಸ್‌ಗೆ ಊರಿಗೆ ಹೋಗಬೇಕು, 24ರ ರಾತ್ರಿ ಡ್ಯೂಟಿ ಬದಲಿಸಿಕೊಳ್ತೀಯಾ ಅಂತ ಕೇಳಿದ್ದಾಳೆ ಅಂದೆ. ಒಪ್ಪಿಕೊಂಡರೆ ನೀನು ಊರಿಗೆ ಬರುವುದು ತಡವಾಗುತ್ತದೆ. ಏನು ಮಾಡಲಿ ಅವ್ವಾ ಅಂದೆ.

ಒಪ್ಪಿಕೋ. ಇವತ್ತೇ ಅವಳಿಗೆ ಹೇಳಿಬಿಡು, ಪಾಪ, ಟಿಕೆಟ್ ಮಾಡಿಸಿಕೊಳ್ಳಲಿ.

ಯಾಕೆ ಅಂತ ಬರೆಯುತ್ತೇನೆ, ನಿಧಾನವಾಗಿ ಓದು. ಅಪ್ಪನಿಗೆ ಹಾವು ಕಡಿದ ಕಥೆ ನಿನಗೆ ಗೊತ್ತು. ಆದರೆ ಅದು ಅಜ್ಜಿ ಹೇಳಿದ ಕಥೆ. ಅದರಲ್ಲಿ ಹಾವು ಇದೆ, ಹರಿಹರೇಶ್ವರನ ಹರಕೆ ಇದೆ, ಅಪ್ಪ ಬದುಕಿ ಬಂದದ್ದು ಇದೆ. ಆ ಅಕ್ಕ ಮಾತ್ರ ಒಂದೇ ಮಾತಿನಲ್ಲಿ ಬಂದು ಹೋಗುತ್ತಾರೆ. 'ಯಾರೋ ಪುಣ್ಯಾತ್ಗಿತ್ತಿ ಕಾರಲ್ಲಿ ಕರ್ಕೊಂಡು ಹೋದ್ಲಂತೆ' ಅಷ್ಟೇ. ಅಜ್ಜಿ ಅವರನ್ನು ನೋಡಿರಲಿಲ್ಲ. ನಿನ್ನನ್ನು ಮಡಿಲಲ್ಲಿ ಮಲಗಿಸಿಕೊಂಡು ಮನೆಯಲ್ಲಿದ್ದಳು. ನೋಡಿದವಳು ನಾನು.

2008ರ ಡಿಸೆಂಬರ್ 24. ನೀನಾಗ ಒಂದನೇ ಕ್ಲಾಸು. ಮೆಕ್ಕೆಜೋಳ ಮುರಿದಾಗಿತ್ತು. ಸೊಪ್ಪೆ ತಂದು ಬಣವೆ ಒಟ್ಟುವ ಕೆಲಸ ನಡೆದಿತ್ತು. ಸೊಪ್ಪೆ ಸಿವುಡಿನ ಕೆಳಗೆ ಇಲಿ ಸೇರುತ್ತವೆ, ಇಲಿ ಹಿಂದೆ ಹಾವು ಬರುತ್ತದೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಬರಿಗಾಲಲ್ಲೇ ಓಡಾಡುತ್ತಾರೆ. ಹೊತ್ತು ಮುಳುಗಿತ್ತು. ಅಪ್ಪ ಒಂದು ಸಿವುಡು ಎತ್ತಿದರು. ಕುಕ್ಕರ್ ಸೀಟಿ ಬಿಡುವ ಹಾಗೆ ಬುಸ್ ಅಂದದ್ದು ನನಗೂ ಕೇಳಿಸಿತು. ಕೊಳಕುಮಂಡಲ. ಹಿಮ್ಮಡಿಯ ಮೇಲೆ ಕಚ್ಚಿತ್ತು.

ಆಮೇಲೆ ಆದದ್ದು ಬರೀ ಗಲಾಟೆ. ನಿನ್ನ ಚಿಕ್ಕಪ್ಪ ಮೊಣಕಾಲ ಮೇಲೆ ಟವೆಲ್ ಬಿಗಿದು ಕಟ್ಟಿದ. ಯಾರೋ ಬ್ಲೇಡ್ ತಂದರು. ಬೇರು ಅರೆದು ಕುಡಿಸುವ ಅಜ್ಜ ಇದ್ದಾನೆ, ಅವನ ಹತ್ತಿರ ಹೋಗೋಣ ಅಂತ ಒಬ್ಬರು, ಮಂತ್ರ ಹಾಕಿಸೋಣ ಅಂತ ಇನ್ನೊಬ್ಬರು. ನನಗೆ ಮಾತ್ರ ಹೈವೇಗೆ ಹೋದರೆ ಏನಾದರೂ ಸಿಗುತ್ತೆ ಅನ್ನಿಸಿತು. ಅಪ್ಪನನ್ನು ಬೈಕಿನಲ್ಲಿ ಮಧ್ಯಕ್ಕೆ ಕೂರಿಸಿಕೊಂಡು ರಸ್ತೆಗೆ ಬಂದೆವು. ಆಗ ಆ ರಸ್ತೆಗೆ 4ನೇ ನಂಬರ್, ಈಗ 48 ಅಂತಾರೆ. ಲಾರಿ, ಬಸ್ಸು, ಕಾರು ಎಲ್ಲ ಬುರ್ ಅಂತ ಹೋಗುತ್ತಿದ್ದವು. ಕತ್ತಲಲ್ಲಿ ಕೈ ಅಡ್ಡ ಹಾಕುವವರಿಗೆ ಯಾರು ನಿಲ್ಲಿಸುತ್ತಾರೆ?

ಚಿತ್ರದುರ್ಗದ ಕಡೆಯಿಂದ ಬಂದ ಒಂದು ಕಾರು ಸ್ವಲ್ಪ ಮುಂದೆ ಹೋಗಿ ನಿಂತಿತು. ಒಬ್ಬ ಹೆಂಗಸು ಇಳಿದು ಬಂದರು. ರೇಷ್ಮೆ ಸೀರೆ, ತಲೆಯಲ್ಲಿ ಹೂವು. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಏನಾಯ್ತು ಅಂತ ಕೇಳಿದವರೇ ಮೊಬೈಲ್ ಬೆಳಕಿನಲ್ಲಿ ಕಾಲು ನೋಡಿದರು. ಅಷ್ಟರಲ್ಲಿ ಪಾದ ಊದಿತ್ತು.

'ಬ್ಲೇಡ್ ಒಳಗಿಡಿ ಅಣ್ಣ. ಕೊಯ್ದರೆ ರಕ್ತ ನಿಲ್ಲೋದಿಲ್ಲ' ಅಂದರು. ಜೋರಾಗಿ ಅಲ್ಲ. ಆದರೆ ಆ ದನಿಗೆ ಎದುರು ಮಾತಾಡೋಕೆ ಆಗಲಿಲ್ಲ. ಬೇರಿನ ಅಜ್ಜನ ವಿಷಯ ತೆಗೆದವರಿಗೂ ಅಷ್ಟೇ ನೆಟ್ಟಗೆ ಹೇಳಿದರು. 'ಇದಕ್ಕೆ ಔಷಧಿ ಒಂದೇ, ಅದು ಆಸ್ಪತ್ರೆಲಿರೋದು. ನಾವು ದಾವಣಗೆರೆ ಮೇಲೇ ಹೋಗ್ತಾ ಇದೀವಿ, ಹತ್ತಿ.' ಕಟ್ಟಿದ್ದ ಟವೆಲನ್ನು ಒಮ್ಮೆಲೇ ಬಿಚ್ಚಬೇಡಿ, ಡಾಕ್ಟರ್ ಮುಂದೆ ಬಿಚ್ಚಲಿ ಅಂದರು. ಕಾಲು ಅಲ್ಲಾಡಬಾರದು ಅಂತ ರಸ್ತೆ ಪಕ್ಕ ಬಿದ್ದಿದ್ದ ಒಂದು ಮರದ ಪಟ್ಟಿ ಹುಡುಕಿ ತರಿಸಿದರು. ಅದನ್ನು ಕಟ್ಟೋಕೆ ಬಟ್ಟೆ ಬೇಕಿತ್ತು. ಕಾರಿನಿಂದ ಒಂದು ಪ್ಯಾಕೆಟ್ ತೆಗೆದು, ಬಣ್ಣದ ಕಾಗದ ಹರಿದು, ಒಳಗಿದ್ದ ಹೊಸ ಶಾಲು ತೆಗೆದು ಕಟ್ಟಿದರು. ಅದು ಅವರ ತಾಯಿಗೆ ಹಬ್ಬಕ್ಕೆ ಅಂತ ತಂದದ್ದು. ದಾರಿಯಲ್ಲಿ ಮಾತಿಗೆ ಮಾತು ಬಂದು ಗೊತ್ತಾಯಿತು.

ಇದೆಲ್ಲ ನಿನಗೆ ಪಾಠದಲ್ಲಿ ಬಂದಿದೆ, ಪರೀಕ್ಷೆಯಲ್ಲೂ ಬರೆದಿದ್ದೀಯ. ನನಗೆ ಅದು ಸಿಕ್ಕಿದ್ದು ರಸ್ತೆ ಬದಿಯಲ್ಲಿ, ರೇಷ್ಮೆ ಸೀರೆಯಲ್ಲಿ ಮಣ್ಣಿಗೆ ಮೊಣಕಾಲೂರಿ ಕೂತ ಒಬ್ಬರಿಂದ.

ಆನಗೋಡು ದಾಟುವ ಹೊತ್ತಿಗೆ ಅಪ್ಪನ ವಸಡಿನಲ್ಲಿ ರಕ್ತ ಬಂತು. ವಾಂತಿಯಾಯಿತು, ಸೀಟಿನ ಮೇಲೆಲ್ಲ. ನಾನು ಸೆರಗಿನಿಂದ ಒರೆಸೋಕೆ ಹೋದರೆ ಆ ಅಕ್ಕ ನನ್ನ ಕೈ ಹಿಡಿದು, 'ಬಿಡಮ್ಮ, ಕಾರು ತೊಳ್ಕೊಂಡರಾಯ್ತು, ಅವರ ಜೊತೆ ಮಾತಾಡ್ತಾ ಇರು, ಭಯ ಬೀಳಬಾರದು' ಅಂದರು. ಅವರ ಯಜಮಾನರು ಒಂದೂ ಮಾತಾಡದೆ ಗಾಡಿ ಓಡಿಸುತ್ತಿದ್ದರು.

ನಾವೆಲ್ಲ ಚಿಗಟೇರಿ ಆಸ್ಪತ್ರೆ ಅಂತ ಕರೆಯುವ ಜಿಲ್ಲಾ ಆಸ್ಪತ್ರೆಗೆ ಹೋದೆವು. ಅಲ್ಲಿ ರಕ್ತ ತೆಗೆದು ಒಂದು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟರು. ಬಗ್ಗಿಸಿ ನೋಡಿದರೆ ಹೆಪ್ಪುಗಟ್ಟಿರಲೇ ಇಲ್ಲ, ಹಾಗೇ ಹರಿಯಿತು. ಔಷಧಿ ಏರಿಸಲು ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಅಪ್ಪನ ಮೈಯೆಲ್ಲ ಗಡಗಡ ನಡುಗಿತು. ನನ್ನ ಜೀವ ಹೋದಂತಾಯಿತು. ಸಿಸ್ಟರ್ ಓಡಿ ಬಂದು ಇಂಜೆಕ್ಷನ್ ಕೊಟ್ಟರು. ಆ ಅಕ್ಕ ನನ್ನನ್ನು ಹೊರಗೆ ಕೂರಿಸಿ, ಈ ಔಷಧಿಯಲ್ಲಿ ಕೆಲವರಿಗೆ ಹೀಗಾಗುತ್ತೆ, ಅದಕ್ಕೇ ಅವರು ಪಕ್ಕದಲ್ಲೇ ನಿಂತಿರೋದು ಅಂತ ಬಿಡಿಸಿ ಹೇಳಿದರು. ಕುದುರೆಯ ರಕ್ತದಿಂದ ಆ ಔಷಧಿ ಮಾಡುತ್ತಾರೆ ಅಂತ ನನಗೆ ಮೊದಲು ಹೇಳಿದ್ದೂ ಅವರೇ. ಅವರು ನರ್ಸೋ, ಟೀಚರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅವರು ಆಗಲೇ ಹೊರಡಬಹುದಿತ್ತು. ಆಸ್ಪತ್ರೆ ಸೇರಿಸಿದ್ದೇ ದೊಡ್ಡದು, ಅಲ್ವಾ? ನಾನೂ ಹೇಳಿದೆ, ಹೊರಡಿ ಅಕ್ಕಾ, ನಿಮಗೆ ಹಬ್ಬ ಅಂತ. ಹರಿಹರ ಇನ್ನೇನು ಹದಿನೈದು ಕಿಲೋಮೀಟರ್. ಅವರ ತವರುಮನೆ ಅಲ್ಲಿ. ದುಬೈಯಿಂದ ತಮ್ಮ ಬಂದಿದ್ದಾನೆ, ಎಲ್ಲರೂ ಒಟ್ಟಿಗೆ ಸೇರದೆ ಬಹಳ ವರ್ಷ ಆಯ್ತು ಅಂತ ಕಾರಿನಲ್ಲಿ ಹೇಳಿದ್ದರು. ರಾತ್ರಿ ಬಲಿಪೂಜೆಗೆ, ಅಂದರೆ ಚರ್ಚಿನ ಕ್ರಿಸ್‌ಮಸ್ ಪೂಜೆಗೆ, ಮನೆಯವರೆಲ್ಲ ಹೋಗುವುದಿತ್ತು. 'ನಿಮ್ಮ ಮೈದುನ ಬರಲಿ, ಒಬ್ಬಳನ್ನೇ ಬಿಟ್ಟು ಹೇಗೆ ಹೋಗೋದು' ಅಂದು ಬೆಂಚಿನ ಮೇಲೆ ಕೂತೇಬಿಟ್ಟರು. ಆಮೇಲೆ ಮೂಲೆಗೆ ಹೋಗಿ ಫೋನ್ ಮಾಡಿದರು. 'ನೀವು ಊಟ ಮಾಡಿ, ಅಮ್ಮನ್ನ ಕರ್ಕೊಂಡು ಪೂಜೆಗೆ ಹೋಗಿ, ನಮಗೆ ಕಾಯಬೇಡಿ' ಅಂದದ್ದು ಕೇಳಿಸಿತು. ಬೇರೆ ಏನೂ ವಿವರಿಸಲಿಲ್ಲ. ಯಜಮಾನರು ಹೊರಗೆ ನಲ್ಲಿಯಿಂದ ಬಕೆಟ್ ಬಕೆಟ್ ನೀರು ತಂದು ಸೀಟು ತೊಳೆಯುತ್ತಿದ್ದರು. ಆ ಚಳಿಯಲ್ಲಿ.

ಹನ್ನೆರಡಕ್ಕೆ ಊರಲ್ಲಿ ಎಲ್ಲೋ ಪಟಾಕಿ ಹೊಡೆದ ಸದ್ದು ಕೇಳಿತು. ಅವರು ಕಣ್ಣು ಮುಚ್ಚಿ ಶಿಲುಬೆ ಗುರುತು ಹಾಕಿಕೊಂಡರು. ಒಂದು ನಿಮಿಷ ಆಗಿರಬಹುದು. ಕಣ್ಣು ಬಿಟ್ಟು, 'ಅವರಿಗೆ ಹೊದೆಯೋಕೆ ಇನ್ನೊಂದು ಕಂಬಳಿ ಕೇಳ್ತೀನಿ ಇರು' ಅಂತ ಒಳಗೆ ಹೋದರು.

ಚಿಕ್ಕಪ್ಪ ದುಡ್ಡು, ಬಟ್ಟೆ ಹೊಂದಿಸಿಕೊಂಡು ಯಾವುದೋ ಲಾರಿ ಹತ್ತಿ ಬರುವ ಹೊತ್ತಿಗೆ ನಡುರಾತ್ರಿ ಕಳೆದಿತ್ತು. ಡಾಕ್ಟರ್ ಹೇಳಿದ್ದನ್ನೆಲ್ಲ ಅವನಿಗೆ ಮತ್ತೊಮ್ಮೆ ಹೇಳಿದರು. ಆರು ಗಂಟೆ ಬಿಟ್ಟು ಮತ್ತೆ ರಕ್ತ ನೋಡುತ್ತಾರೆ, ಮೂತ್ರ ಎಷ್ಟು ಹೋಗುತ್ತೆ ಗಮನ ಇಡು, ಕಡಿಮೆಯಾದರೆ ತಕ್ಷಣ ಹೇಳು ಅಂತ. ಹೊರಡುವಾಗ ಒಂದು ಡಬ್ಬ ಕೊಟ್ಟು, 'ಮಗಳಿಗೆ' ಅಂದರು. ಕರ್ಜಿಕಾಯಿ, ಚಕ್ಕುಲಿ ಇತ್ತು. ನಾನು ಹೆಸರು ಕೇಳಿದೆ, ಫೋನ್ ನಂಬರ್ ಕೇಳಿದೆ. 'ಹರಿಹರದವಳು ಅಂದ್ಕೋ, ಸಾಕು' ಅಂತ ನಕ್ಕು ಕಾರು ಹತ್ತಿದರು.

ದುಡ್ಡು ಕೊಟ್ಟಿದ್ದರೆ ಸಾಲ ಮಾಡಿಯಾದರೂ ತೀರಿಸುತ್ತಿದ್ದೆ ಪುಟ್ಟಿ. ಅವರು ಕೊಟ್ಟದ್ದು ಹಬ್ಬದ ರಾತ್ರಿ. ತಾಯಿ, ತಮ್ಮ, ಮಕ್ಕಳ ಜೊತೆ ಇರಬೇಕಾಗಿದ್ದ ರಾತ್ರಿ. ಅದನ್ನು ಯಾವ ಅಂಗಡಿಯಿಂದ ತಂದು ವಾಪಸ್ ಕೊಡಲಿ? ನಿನ್ನ ವಾರ್ಡಿನ ಹುಡುಗಿ ಕೇಳಿದ್ದಾಳೆ ಅಂದಾಗ ನನಗೆ ಮೈ ಜುಮ್ಮೆಂದಿತು. ಆ ಹುಡುಗಿಯ ಮನೆಯಲ್ಲೂ ಒಬ್ಬ ತಾಯಿ ಬಾಗಿಲು ನೋಡುತ್ತಿರುತ್ತಾಳೆ.

ಮುಂದಿನದು ನಿನಗೆ ಗೊತ್ತು. ಅಪ್ಪನ ಕಿಡ್ನಿಗೂ ಪೆಟ್ಟು ಬಿದ್ದಿತ್ತು, ಡಯಾಲಿಸಿಸ್ ತನಕ ಹೋಗಿ ಸರಿಯಾಯಿತು. ಅಜ್ಜಿ ಹರಿಹರೇಶ್ವರನ ಹರಕೆ ತೀರಿಸಿದಳು. ಅವತ್ತೇ ಅಪ್ಪ ಹರಿಹರದ ಆರೋಗ್ಯ ಮಾತೆ ಚರ್ಚಿಗೂ ಹೋಗಿ ಮೇಣದಬತ್ತಿ ಹಚ್ಚಿದರು. ಸೆಪ್ಟೆಂಬರ್ 8ರ ಹಬ್ಬಕ್ಕೆ ಹೋಗುವ ರೂಢಿ ಶುರುವಾದದ್ದು ಹಾಗೆ. ಈಗ ಅದು ಬೆಸಿಲಿಕಾ ಆಗಿದೆ, ಜನ ಇನ್ನೂ ಜಾಸ್ತಿ. ಅಷ್ಟು ಜನದಲ್ಲಿ ಅಪ್ಪ ಸುಮ್ನೆ ಒಂದು ಕಡೆ ನಿಂತು ಬರುವ ಹೆಂಗಸರ ಮುಖ ನೋಡುತ್ತಿರುತ್ತಾರೆ. ಅಪ್ಪ ಅವರನ್ನು ಸರಿಯಾಗಿ ನೋಡಿಯೇ ಇಲ್ಲ, ಅವತ್ತು ಪ್ರಜ್ಞೆ ಅಷ್ಟಕ್ಕಷ್ಟೇ ಇತ್ತು. ಗುರುತು ಹಿಡಿದರೆ ನಾನೇ ಹಿಡಿಯಬೇಕು. ಇಲ್ಲಿ ತನಕ ಸಿಕ್ಕಿಲ್ಲ. ಹುಡುಕುವುದನ್ನು ಬಿಟ್ಟೂ ಇಲ್ಲ.

ನಾನು ಆಶಾ ಕೆಲಸಕ್ಕೆ ಸೇರಿದ್ದು ಅದಾದ ಮೇಲೆಯೇ. ಗದ್ದೆ ಕೆಲಸ, ಮನೆ ಕೆಲಸದ ಮಧ್ಯೆ ಇದು ಯಾಕೆ ಬೇಕಿತ್ತು ಅಂತ ನೀನು ಬೈಯುತ್ತಿದ್ದೆ. ಸೊಪ್ಪೆ ಒಟ್ಟುವ ಕಾಲ ಬಂದಾಗಲೆಲ್ಲ ನಾನು ಮನೆಮನೆಗೆ ಹೋಗಿ ಆ ಅಕ್ಕನ ಮಾತನ್ನೇ ಹೇಳುತ್ತೇನೆ. ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿದು ಕಟ್ಟಬೇಡಿ, ಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿಗೆ ದುಡ್ಡಿಲ್ಲ. 2000ದಿಂದ 2019ರ ತನಕ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಅಂತ ಅಂದಾಜು ಮಾಡಿದ್ದಾರೆ. ಹೆಚ್ಚಿನವರು ನಮ್ಮಂಥ ಹಳ್ಳಿಯವರೇ. ಹಾವು ಕಡಿದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ 2024ರಲ್ಲಿ ನಮ್ಮ ರಾಜ್ಯದಲ್ಲಿ ಆದೇಶ ಬಂತು. ಆ ಸುದ್ದಿ ಓದಿದ ದಿನ ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ? ಹೋದ ವರ್ಷ ಕೆಳಗಿನ ಓಣಿಯ ಹುಡುಗನಿಗೆ ಕಡಿದಾಗ ಯಾರೂ ಬ್ಲೇಡ್ ತೆಗೆಯಲಿಲ್ಲ, ನೇರ ಆಸ್ಪತ್ರೆಗೆ ಒಯ್ದರು. ಉಳಿದ. ಆ ಅಕ್ಕನಿಗೆ ಈ ಸುದ್ದಿ ಹೇಗಾದರೂ ಮುಟ್ಟಿಸಬೇಕು ಅನ್ನಿಸುತ್ತದೆ.

ನೀನು ಡ್ಯೂಟಿ ಮುಗಿಸಿ ಒಂದು ದಿನ ಚೆನ್ನಾಗಿ ನಿದ್ದೆ ಮಾಡಿ ಹೊರಡು, ರಾತ್ರಿ ಪಾಳಿ ಮುಗಿದ ತಕ್ಷಣ ಬಸ್ ಹತ್ತಬೇಡ. ಅವರೆಕಾಯಿ ಗಿಡದಲ್ಲೇ ಬಿಟ್ಟಿರುತ್ತೇನೆ. ಬರುವಾಗ ಅಪ್ಪನಿಗೆ ಒಂದು ಜೊತೆ ಗಮ್‌ಬೂಟು ತಗೊಂಡು ಬಾ, ಎಂಟನೇ ನಂಬರ್. ಹಳೆಯದು ಹಿಮ್ಮಡಿ ಹತ್ತಿರ ಬಿರುಕು ಬಿಟ್ಟಿದೆ, ಸೊಪ್ಪೆ ಇನ್ನೂ ಅರ್ಧ ಹೊಲದಲ್ಲೇ ಇದೆ.

ನಿನ್ನ ಪ್ರೀತಿಯ
ಅವ್ವ