ಮಳೆಗೆ ಮುಂಚೆ: ಗಾಳಕ್ಕೆ ರಜೆ, ದೋಣಿಗೆ ಎಣ್ಣೆ

ಎಲ್ಲರಿಗೂ ನಮಸ್ಕಾರ. ಜೂನ್ ಹತ್ತಿರ ಬಂತು. ಮೊದಲ ಜೋರು ಮಳೆಗೆ ಉಡುಪಿಯ ಸ್ವರ್ಣಾ, ಸೀತಾ ನದಿಗಳಿಂದ ಉಬರ್ ಮೀನು ತೋಡು, ಗದ್ದೆ, ಕೆರೆ ಕಡೆ ಹತ್ತುತ್ತದೆ. ಮೊಟ್ಟೆ ಇಡಲು ಹೊರಟ ಮೀನು ಅದು. ಒಂದೊಂದರ ಹೊಟ್ಟೆಯಲ್ಲಿ ಸಾವಿರಗಟ್ಟಲೆ ಮೊಟ್ಟೆ. ತೋಡಿಗೆ ಅಡ್ಡ ಬಲೆ ಕಟ್ಟಿ ಬಾಚಿದರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತದೆ? ಸಮುದ್ರದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇದೆ ಅಲ್ವಾ? ನದಿ, ತೋಡುಗಳಲ್ಲಿ ಗಾಳ ಹಾಕುವ ನಾವೂ ಆ ಎರಡು ತಿಂಗಳು ಗಾಳ ಕಟ್ಟಿಡೋಣ. ತಡೆಯಲಾರದೆ ಹೋದವರು ಮೊಟ್ಟೆ ತುಂಬಿದ ಮೀನನ್ನು ಒದ್ದೆ ಕೈಯಲ್ಲೇ ಹಿಡಿದು ಕೂಡಲೇ ನೀರಿಗೆ ಬಿಡಿ.

ತಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್ ಮರಿ ತಂದು ಕೆರೆಗೆ ಸುರಿಯಲೇಬೇಡಿ. ಆ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲೇ ನಿಷೇಧವಿದೆ. ನಮ್ಮದೇ ನಾಡಿನ ಕ್ಯಾಟ್‌ಫಿಶ್ ಆದ ಮುಗುಡಿಗೆ ಅದು ದೊಡ್ಡ ಅಪಾಯ.

ದೋಣಿಯನ್ನು ದಡಕ್ಕೆ ಎಳೆದು ಕವುಚಿ ಹಾಕಿ. ಕೆಳಗೆ ಮರದ ತುಂಡು ಇರಲಿ. ಮರದ ದೋಣಿಗೆ ಬಿಸಿಲಿರುವಾಗಲೇ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿ. ಬರಿಗೈಯಲ್ಲಿ ಮಾತ್ರ ಬೇಡ, ಚರ್ಮ ಸುಡುತ್ತದೆ. ಅಳಿವೆ ಕಡೆ ಓಡಿದ ಇಂಜಿನ್‌ಗೆ ಸಿಹಿನೀರು ಹಾಯಿಸಿ, ಪೆಟ್ರೋಲ್ ಖಾಲಿ ಮಾಡಿ ಇಡಿ.

ದೋಣಿ ಎಳೆಯಲು ಜನ ಬೇಕಾದವರು ಇಲ್ಲೇ ತಿಳಿಸಿ. ಭಾನುವಾರ ಬೆಳಿಗ್ಗೆ ಬರುತ್ತೇವೆ.